ಗೋಲ್ಡ್‌ಫಿಶ್ ಬಾಯಿ ಬಾಯಿ ಬಿಡ್ತಿದೆ, ಯಾವ ಔಷಧಿ ಹಾಕಲಿ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಗೋಲ್ಡ್‌ಫಿಶ್‌ನದ್ದೇ. ಬೇಸಿಗೆ ರಜೆಯಲ್ಲಿ ಮಕ್ಕಳ ಹಟಕ್ಕೆ ಮನೆಗೆ ಟ್ಯಾಂಕ್ ಬರುತ್ತದೆ, ಸ್ಕೂಲು ಶುರುವಾಗುವ ಹೊತ್ತಿಗೆ ಮೀನಿಗೆ ಹುಷಾರಿಲ್ಲ. ಹೆಚ್ಚಿನವರು ಕೇಳಿರೋದು ಒಂದೇ, ಯಾವ ಔಷಧಿ ಹಾಕಲಿ ಅಂತ. ಮೊದಲ ಪತ್ರಕ್ಕೆ ಉದ್ದವಾಗಿ ಉತ್ತರ ಬರೆದಿದ್ದೇನೆ. ಬೇರೆಯವರೂ ಅದನ್ನೊಮ್ಮೆ ಓದಿ, ನಿಮ್ಮಲ್ಲಿ ಅರ್ಧ ಜನರ ಉತ್ತರ ಅದರಲ್ಲೇ ಇದೆ.

ಪ್ರಶ್ನೆ: ಮಗಳ ಹುಟ್ಟುಹಬ್ಬಕ್ಕೆ ಎರಡು ಗೋಲ್ಡ್‌ಫಿಶ್ ತಂದೆವು. ಗುಂಡು ಹೊಟ್ಟೆ, ಜೋಡಿ ಬಾಲದವು. ಟ್ಯಾಂಕ್ ಒಂದೂವರೆ ಅಡಿ ಉದ್ದ ಇದೆ, ಸುಮಾರು 30 ಲೀಟರ್ ನೀರು ಹಿಡಿಯುತ್ತದೆ. ಮೂರು ವಾರ ಚೆನ್ನಾಗಿದ್ದವು. ಹೋದ ಭಾನುವಾರ ನೀರು ಮಬ್ಬಾಗಿದೆ ಅಂತ ಪೂರ್ತಿ ಖಾಲಿ ಮಾಡಿ, ಕಲ್ಲು, ಗಾಜು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿ ಕೆಳಗೆ ತಿಕ್ಕಿ ತೊಳೆದು ಹೊಸ ಕಾವೇರಿ ನೀರು ತುಂಬಿಸಿದೆವು. ಕ್ಲೋರಿನ್ ಹೋಗಲಿ ಅಂತ ಅಂಗಡಿಯವರು ಕೊಟ್ಟಿದ್ದ ಹನಿಯನ್ನೂ ಹಾಕಿದೆವು. ಮಂಗಳವಾರ ಸಂಜೆಯಿಂದ ಕಿತ್ತಳೆ ಬಣ್ಣದ್ದು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದೆ, ಬಾಲದಲ್ಲಿ ಕೆಂಪು ಗೆರೆ ಮೂಡಿದೆ. ಅಂಗಡಿಗೆ ಹೋಗಿ ಕೇಳಿದ್ದಕ್ಕೆ ನೀಲಿ ಔಷಧಿ ಕೊಟ್ಟರು. ಹಾಕಿದ ಮೇಲೆ ನೀರೆಲ್ಲ ನೀಲಿ ಆಯಿತು, ಮೀನು ಹಾಗೇ ಇದೆ. ಬೇರೆ ಯಾವ ಔಷಧಿ ಹಾಕಲಿ? ಮಗಳು ಊಟ ಬಿಟ್ಟು ಟ್ಯಾಂಕ್ ಮುಂದೆ ಕೂತಿದ್ದಾಳೆ.
(ಜೆ.ಪಿ. ನಗರ, ಬೆಂಗಳೂರು)

ಉತ್ತರ: ಯಾವ ಔಷಧಿಯೂ ಬೇಡ. ಈಗ ಹಾಕಿರೋ ನೀಲಿಯದ್ದನ್ನೂ ತೆಗೆಯಬೇಕು. ಈ ಪತ್ರ ಪತ್ರಿಕೆಯಲ್ಲಿ ಬರುವವರೆಗೆ ಮೀನು ಕಾಯಲ್ಲ ಅಂತ ನಿಮಗೆ ಫೋನಿನಲ್ಲೇ ಹೇಳಿದ್ದನ್ನು ಬೇರೆಯವರಿಗೂ ಆಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೆಲಸ, ಕಾರಣ ಆಮೇಲೆ. ಬಕೆಟ್ಟಿನಲ್ಲಿ ನೀರು ಹಿಡಿದು ಕ್ಲೋರಿನ್ ತೆಗೆಯುವ ಹನಿ ಹಾಕಿ ಕೈಯಾಡಿಸಿ. ಆ ನೀರಿನಲ್ಲೊಂದು ಕೈ, ಟ್ಯಾಂಕಿನಲ್ಲೊಂದು ಕೈ ಇಟ್ಟು ನೋಡಿ, ಎರಡೂ ಒಂದೇ ತಣ್ಣಗೆ ಇರಬೇಕು. ಸಣ್ಣ ಪೈಪು ಇಳಿಬಿಟ್ಟು ಟ್ಯಾಂಕಿನ ತಳದಿಂದ ಅರ್ಧ ನೀರು ಎಳೆದು ತೆಗೆಯಿರಿ. ಕಲ್ಲಿನ ಸಂದಿಯಲ್ಲಿರೋ ಕೊಳೆಯೂ ಅದರ ಜೊತೆ ಬರುತ್ತದೆ. ಹೊಸ ನೀರನ್ನು ಮಗ್ಗಿನಲ್ಲಿ ನಿಧಾನಕ್ಕೆ ಸುರಿಯಿರಿ. ಏರ್ ಪಂಪ್ ಹಗಲು ರಾತ್ರಿ ಓಡಲಿ. ಎರಡು ದಿನ ಊಟ ಬಂದ್. ಮಾರನೇ ದಿನದಿಂದ ಒಂದು ವಾರ, ಹತ್ತು ದಿನ, ದಿನಾ ಮೂರನೇ ಒಂದು ಪಾಲು ನೀರು ಬದಲಿಸಿ. ಬೇಜಾರಿನ ಕೆಲಸ ನಿಜ, ಆದರೆ ನಿಮ್ಮ ಮೀನಿಗೆ ಇದೇ ಔಷಧಿ.

ಈಗ ಕಾರಣ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ದಿನಗಳ ಲೆಕ್ಕ. ಭಾನುವಾರ ತೊಳೆದಿದ್ದು, ಮಂಗಳವಾರ ಸಂಜೆ ಶುರುವಾಗಿದ್ದು. ಕ್ಲೋರಿನ್ ಏಟು ಆಗಿದ್ದರೆ ಭಾನುವಾರವೇ, ನೀರು ತುಂಬಿಸಿದ ಸ್ವಲ್ಪ ಹೊತ್ತಿಗೇ ಮೀನು ಒದ್ದಾಡುತ್ತಿತ್ತು. ಎರಡು ದಿನ ಬಿಟ್ಟು ಶುರುವಾಗಿದೆ ಅಂದರೆ ನೀರಿನಲ್ಲಿ ಏನೋ ಸೇರುತ್ತಾ ಹೋಗಿದೆ. ಅದು ಅಮೋನಿಯಾ. ಮೀನು ಅಮೋನಿಯಾವನ್ನು ಬಹುಪಾಲು ಹೊರಗೆ ಹಾಕೋದು ಕಿವಿರಿನಿಂದ, ಅಂದರೆ ಉಸಿರಾಡುವ ಜಾಗದಿಂದಲೇ. ಅದರ ಜೊತೆಗೆ ಹಿಕ್ಕೆ, ತಿನ್ನದೇ ಉಳಿದ ಕಾಳು ಕೊಳೆತು ಬರೋದು ಬೇರೆ. ಹೊಳೆಯಲ್ಲಾದರೆ ಹರಿದು ಹೋಗುತ್ತದೆ. 30 ಲೀಟರ್ ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು?

ಹಳೇ ಟ್ಯಾಂಕುಗಳಲ್ಲಿ ಈ ಕೆಲಸ ಮಾಡೋದು ಬ್ಯಾಕ್ಟೀರಿಯಾ. ಒಂದು ಜಾತಿಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಜಾತಿಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲಿನ ಎರಡೂ ವಿಷ. ನೈಟ್ರೇಟ್ ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಹೊಸ ಟ್ಯಾಂಕಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯಾಗೋಕೆ ನಾಲ್ಕರಿಂದ ಆರು ವಾರ ಬೇಕು. ಅವು ಇರೋದು ನೀರಿನಲ್ಲಲ್ಲ, ಸ್ಪಂಜಿನಲ್ಲಿ, ಕಲ್ಲಿನ ಮೇಲೆ, ಗಾಜಿನ ಮೇಲೆ, ಕೈಗೆ ಜಾರುವ ಆ ತೆಳು ಪೊರೆಯಲ್ಲಿ. ನೀವು ಭಾನುವಾರ ಕ್ಲೋರಿನ್ ಇರೋ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದದ್ದು ಅದನ್ನೇ. ಮೂರು ವಾರದಲ್ಲಿ ಅರ್ಧಂಬರ್ಧ ಬೆಳೆದಿದ್ದೂ ಹೋಯಿತು. ತಪ್ಪು ನಿಮ್ಮದು ಅಂತ ಹೇಳೋಕಾಗಲ್ಲ, ಮನೆಯಲ್ಲಿ ಏನೇ ಕೊಳೆಯಾದರೂ ತಿಕ್ಕಿ ತೊಳೆಯೋದೇ ನಮಗೆ ಗೊತ್ತಿರೋದು. ಮೂರನೇ ವಾರದ ಆ ಹಾಲು ಬೆರೆಸಿದಂಥ ಮಬ್ಬು ಕೂಡ ಹೊಸ ಟ್ಯಾಂಕಿನಲ್ಲಿ ಸಾಮಾನ್ಯ, ಸುಮ್ನೆ ಬಿಟ್ಟಿದ್ದರೆ ಕೆಲವು ದಿನಕ್ಕೆ ತಾನಾಗೇ ತಿಳಿಯಾಗುತ್ತಿತ್ತು.

ಇನ್ನು ಮುಂದೆ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿಯಬೇಡಿ. ನೀರು ಬದಲಿಸುವಾಗ ಟ್ಯಾಂಕಿನಿಂದ ತೆಗೆದ ಹಳೇ ನೀರು ಬಕೆಟ್ಟಿನಲ್ಲಿ ಇರುತ್ತದಲ್ವಾ, ಅದರಲ್ಲೇ ಎರಡು ಸಲ ಹಿಂಡಿ ವಾಪಸ್ ಹಾಕಿ. ಸ್ಪಂಜು ಕಂದು ಬಣ್ಣಕ್ಕೆ ಇರಲಿ, ಹೊಳೆಯೋದು ಬೇಡ. ಸ್ನೇಹಿತರ ಮನೆಯಲ್ಲಿ ರೋಗವಿಲ್ಲದ ಹಳೇ ಟ್ಯಾಂಕ್ ಇದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ ತಂದು ನಿಮ್ಮದರಲ್ಲಿ ಸೇರಿಸಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಆರು ವಾರದ ಕೆಲಸ ಎಷ್ಟೋ ಬೇಗ ಆಗುತ್ತದೆ. ತರುವಾಗ ಒಣಗೋಕೆ ಬಿಡಬೇಡಿ, ಅವರ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿಕೊಂಡು ಬನ್ನಿ.

ಆ ನೀಲಿ ಔಷಧಿ ಮೆಥಿಲೀನ್ ಬ್ಲೂ. ಮೊಟ್ಟೆಗೆ ಬೂಸಲು ಹಿಡಿಯದ ಹಾಗೆ ನೋಡಿಕೊಳ್ಳೋಕೆ ಅದು ಒಳ್ಳೆಯದೇ. ಆದರೆ ಅಮೋನಿಯಾ ತೆಗೆಯಲ್ಲ, ಫಿಲ್ಟರಿನ ಬ್ಯಾಕ್ಟೀರಿಯಾಕ್ಕೂ ಒಳ್ಳೆಯದಲ್ಲ. ಮೀನಿಗೆ ಏನಾದರೂ ಅದೇ ಬಾಟಲಿ ಕೊಡೋದು ಅಂಗಡಿಗಳ ಅಭ್ಯಾಸ ಆಗಿಬಿಟ್ಟಿದೆ, ತಲೆನೋವು, ಹೊಟ್ಟೆನೋವು ಎರಡಕ್ಕೂ ಒಂದೇ ಮಾತ್ರೆ. ದಿನಾ ನೀರು ಬದಲಿಸುತ್ತಾ ಬಂದರೆ ಬಣ್ಣ ತಾನಾಗೇ ಇಳಿಯುತ್ತದೆ.

ಒಂದೇ ಒಂದು ವಸ್ತುವಿಗೆ ದುಡ್ಡು ಹಾಕಿ ಅಂದರೆ ನಾನು ಅಮೋನಿಯಾ ಟೆಸ್ಟ್ ಕಿಟ್ಟಿಗೆ ಹಾಕಿ ಅಂತೀನಿ. ಸಣ್ಣ ಗಾಜಿನ ನಳಿಕೆಯಲ್ಲಿ ಟ್ಯಾಂಕ್ ನೀರು ತಗೊಂಡು ಹನಿ ಹಾಕಿ ಬಣ್ಣ ನೋಡುವಂಥದ್ದು. ಹೆಚ್ಚಿನ ಕಿಟ್‌ಗಳಲ್ಲಿ ಹಳದಿ ಉಳಿದರೆ ಸೊನ್ನೆ, ಹಸಿರಿಗೆ ತಿರುಗಿದಷ್ಟೂ ಜಾಸ್ತಿ. ಕಾಗದದ ಪಟ್ಟಿ ಅಗ್ಗ, ಆದರೆ ಬಹಳಷ್ಟು ಪಟ್ಟಿಗಳಲ್ಲಿ ಅಮೋನಿಯಾ ಗುರುತೇ ಇರಲ್ಲ, ಕೊಳ್ಳುವ ಮುಂಚೆ ಹಿಂದೆ ಓದಿ ನೋಡಿ. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ 40 ಪಿಪಿಎಂ, ಅಂದರೆ ಲೀಟರಿಗೆ 40 ಮಿಲಿಗ್ರಾಂ ಒಳಗೆ ಇರಬೇಕು, 20ರ ಒಳಗಿದ್ದರೆ ಇನ್ನೂ ಒಳ್ಳೆಯದು. ಇನ್ನೊಂದು ವಿಷಯ. ಅಮೋನಿಯಾ ಎಷ್ಟಿದೆ ಅನ್ನೋದರ ಜೊತೆ ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಎಷ್ಟು ಕ್ಷಾರ ಅನ್ನೋ ಅಳತೆ, ಎಷ್ಟಿದೆ ಅನ್ನೋದೂ ಮುಖ್ಯ. ಪಿಎಚ್ 7ರಿಂದ 8ಕ್ಕೆ ಹೋದರೆ ಅದೇ ಅಮೋನಿಯಾದಲ್ಲಿ ವಿಷದ ಪಾಲು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ನೀರು ಬಿಸಿಯಾದರೂ ಅದು ಏರುತ್ತದೆ. ಹಾಗಾಗಿ ಪಕ್ಕದ ಮನೆಯಲ್ಲಿ ಅಷ್ಟೇ ಅಮೋನಿಯಾ ಇದ್ದೂ ಮೀನು ಆರಾಮಾಗಿವೆ ಅಂತ ಹೋಲಿಸೋಕೆ ಹೋಗಬೇಡಿ.

ನೈಟ್ರೈಟ್ ಏರುವ ಕಾಲವೂ ಮುಂದೆ ಬರುತ್ತದೆ. ಅದು ರಕ್ತ ಸೇರಿ ಆಮ್ಲಜನಕ ಸಾಗಿಸದ ಹಾಗೆ ಮಾಡುತ್ತದೆ. ಆಗ ಲೀಟರಿಗೆ 1 ಗ್ರಾಂ ಕಲ್ಲುಪ್ಪು ಹಾಕಿ, ನಿಮ್ಮ ಟ್ಯಾಂಕಿಗೆ 30 ಗ್ರಾಂ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಮಗ್ಗಿನಲ್ಲಿ ಕರಗಿಸಿ ಸುರಿಯಿರಿ. ಉಪ್ಪಿನಲ್ಲಿರೋ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಬಿಡಲ್ಲ. ಎಷ್ಟೋ ಜನ ಎಡವೋದು ಇಲ್ಲಿ: ಉಪ್ಪು ಆವಿಯಾಗಲ್ಲ. 10 ಲೀಟರ್ ನೀರು ತೆಗೆದು ಹೊಸದು ಹಾಕಿದರೆ 10 ಗ್ರಾಂ ಮಾತ್ರ ಹಾಕಿ, ಆರಿಹೋದ ನೀರಿಗೆ ಮೇಲೆ ತುಂಬಿಸುವಾಗ ಉಪ್ಪು ಬೇಡವೇ ಬೇಡ.

ಬಾಲದ ಕೆಂಪು ಗೆರೆ ವಾರ ಕಳೆಯುವಷ್ಟರಲ್ಲಿ ಇಳಿಯಬೇಕು. ಆಮೇಲೆ ರೆಕ್ಕೆಯ ಅಂಚಿನಲ್ಲೋ ಬೆನ್ನ ಮೇಲೋ ಮಸಿ ಬಳಿದ ಹಾಗೆ ಕಪ್ಪು ಕಾಣಿಸಿಕೊಂಡರೆ ಹೆದರಬೇಡಿ, ಅಮೋನಿಯಾದಿಂದ ಸುಟ್ಟ ಜಾಗ ಮಾಗುವಾಗ ಹಾಗಾಗುತ್ತದೆ. ಮಗಳಿಗೂ ಮೊದಲೇ ಹೇಳಿಡಿ.

ಕೊನೆಗೆ ಬೇಜಾರಿನ ಮಾತು. ಎರಡು ಗೋಲ್ಡ್‌ಫಿಶ್‌ಗೆ 30 ಲೀಟರ್ ಸಾಲಲ್ಲ. ಗುಂಡು ಹೊಟ್ಟೆಯವು ಚೆನ್ನಾಗಿ ಬೆಳೆದರೆ 15ರಿಂದ 20 ಸೆಂಟಿಮೀಟರ್ ಆಗುತ್ತವೆ, ಹತ್ತು ವರ್ಷಕ್ಕೂ ಮೇಲೆ ಬದುಕುತ್ತವೆ. ಇಂಗ್ಲೆಂಡಿನಲ್ಲಿ 1956ರಲ್ಲಿ ಜಾತ್ರೆಯ ಆಟದಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಅನ್ನೋ ಗೋಲ್ಡ್‌ಫಿಶ್ 1999ರವರೆಗೂ ಇತ್ತು, 43 ವರ್ಷ. ಅಷ್ಟು ಬೇಡ, ಹತ್ತು ವರ್ಷ ಇರಲಿ ಅಂದರೂ ಮೂರಡಿ ಟ್ಯಾಂಕ್ ಬೇಕು, 100 ಲೀಟರ್ ಮೇಲೆ. ಸ್ಟ್ಯಾಂಡ್ ಗಟ್ಟಿ ಇದೆಯಾ ನೋಡಿಕೊಳ್ಳಿ, 100 ಲೀಟರ್ ಅಂದರೆ ನೀರೇ ನೂರು ಕೆಜಿ. ದುಂಡು ಗಾಜಿನ ಬೌಲ್ ಕೊಡಿಸಿದವರು ಇದನ್ನು ಓದುತ್ತಿದ್ದರೆ, ಅದರಲ್ಲಿ ಮನಿಪ್ಲಾಂಟ್ ಬೆಳೆಸಿ, ಚೆನ್ನಾಗಿ ಬರುತ್ತೆ.

ಪ್ರಶ್ನೆ: ಮೈಸೂರಿನಲ್ಲಿ ಅಮ್ಮ ಬಕೆಟ್ ನೀರನ್ನು ಒಂದು ರಾತ್ರಿ ಹಾಗೇ ಇಟ್ಟು ಬೆಳಿಗ್ಗೆ ಟ್ಯಾಂಕಿಗೆ ಹಾಕುತ್ತಾರೆ, ಅವರ ಮೀನುಗಳು ಆರಾಮಾಗಿವೆ. ನಾನು ಇಲ್ಲಿ ಎರಡು ರಾತ್ರಿ ಇಟ್ಟು ಹಾಕಿದರೂ ಪ್ರತಿ ಸಲ ಮೀನು ಮೂಲೆ ಹಿಡಿದು ಕೂರುತ್ತದೆ. ಅಮ್ಮನ ಕೈಗುಣವಾ?
(ಸ್ಯಾನ್ ಫ್ರಾನ್ಸಿಸ್ಕೋ)

ಉತ್ತರ: ಅಮ್ಮನ ಕೈಗುಣ ಇರಬಹುದು, ಆದರೆ ಜಾಸ್ತಿ ಪಾಲು ನೀರಿನದ್ದು. ಅಲ್ಲಿ ನೀರಿಗೆ ಹಾಕೋದು ಬರೀ ಕ್ಲೋರಿನ್, ಬಕೆಟ್ಟಿನಲ್ಲಿ ತೆರೆದಿಟ್ಟರೆ ಹಾರಿಹೋಗುತ್ತದೆ, ಏರ್ ಪಂಪ್ ಬಿಟ್ಟರೆ ಇನ್ನೂ ಬೇಗ. ನಿಮ್ಮ ಊರಿನಲ್ಲಿ 2004ರಿಂದ ಕ್ಲೋರಮಿನ್ ಹಾಕುತ್ತಿದ್ದಾರೆ, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿದ್ದು. ಪೈಪಿನಲ್ಲಿ ಜಾಸ್ತಿ ಹೊತ್ತು ಉಳಿಯಲಿ ಅಂತಲೇ ಅದನ್ನು ಬಳಸೋದು, ಹಾಗಾಗಿ ಬಕೆಟ್ಟಿನಲ್ಲೂ ಸುಲಭಕ್ಕೆ ಹೋಗಲ್ಲ. ಕ್ಲೋರಿನ್ ತೆಗೆಯೋಕೆ ಹಾಕುವ ಸಾದಾ ಹೈಪೋ ಹಾಕಿದರೆ ಕ್ಲೋರಿನ್ ಹೋಗಿ ಅಮೋನಿಯಾ ಉಳಿಯುತ್ತದೆ. ಬಾಟಲಿ ಮೇಲೆ ಕ್ಲೋರಮಿನ್ ಮತ್ತು ಅಮೋನಿಯಾ ಎರಡರ ಹೆಸರೂ ಇರೋ ಕಂಡೀಷನರ್, ಅಂದರೆ ನೀರು ಹದ ಮಾಡುವ ಹನಿ ತಗೊಳ್ಳಿ, ನೀರು ಇಡುವ ಕೆಲಸವೇ ತಪ್ಪುತ್ತದೆ. ಅಮ್ಮನಿಗೂ ಒಂದು ಮಾತು ಹೇಳಿ: ಸಂಪ್ ಅಥವಾ ಓವರ್‌ಹೆಡ್ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕಿ ತೊಳೆಸಿದ ವಾರ ಮೀನಿನ ನೀರು ಬದಲಿಸೋದು ಬೇಡ. ನೀರು ಇಡೋದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿರಲಿ. ತಾಮ್ರದ ಬಿಂದಿಗೆ ನಮಗೆ ಸರಿ, ಮೀನಿಗೆ ತಾಮ್ರ ಆಗಿಬರಲ್ಲ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು, ತುಂಬಾ ಗಡಸು, ಗಾಜಿನ ಮೇಲೆ ಬಿಳಿ ಕಟ್ಟುತ್ತೆ. ಮೀನಿಗೆ ಆರ್‌ಓ ನೀರೇ ಹಾಕಿದರೆ ಒಳ್ಳೆಯದಲ್ವಾ?
(ತುಮಕೂರು)

ಉತ್ತರ: ಅಲ್ಲ. ಗೋಲ್ಡ್‌ಫಿಶ್‌ಗೆ ಗಡಸು ನೀರು ತೊಂದರೆಯಲ್ಲ, ಇಷ್ಟವೇ. ಆರ್‌ಓ ನೀರಿನಲ್ಲಿ ಲವಣಗಳು ಇಲ್ಲವೇನೋ ಅನ್ನುವಷ್ಟು ಕಡಿಮೆ, ಪಿಎಚ್ ಹಿಡಿದಿಡೋಕೆ ಏನೂ ಉಳಿದಿರಲ್ಲ, ಒಂದು ದಿನ ದಿಢೀರನೆ ಕುಸಿದು ಮೀನಿನ ಜೊತೆ ಬ್ಯಾಕ್ಟೀರಿಯಾವೂ ತೊಂದರೆಗೆ ಬೀಳುತ್ತದೆ. ಬೋರ್ ನೀರನ್ನು ಮಾತ್ರ ಪಂಪ್ ಹಾಕಿದ ತಕ್ಷಣ ಸುರಿಯಬೇಡಿ. ನೆಲದಾಳದಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರಬಹುದು. ಒಂದು ರಾತ್ರಿ ಏರ್ ಪಂಪ್ ಬಿಟ್ಟು ಇಟ್ಟರೆ ಸಾಕು. ಒಮ್ಮೆ ನೈಟ್ರೇಟ್ ಪರೀಕ್ಷೆ ಮಾಡಿ. ಸುತ್ತ ಹೊಲ, ತೋಟ ಇದ್ದ ಕಡೆ ಬೋರ್ ನೀರಿನಲ್ಲೇ ನೈಟ್ರೇಟ್ ಏರಿರುತ್ತದೆ. ಹಾಗಿದ್ದಾಗ ಮಾತ್ರ ಅರ್ಧಕ್ಕರ್ಧ ಆರ್‌ಓ ಬೆರೆಸಿ.

ಪ್ರಶ್ನೆ: ಮೀನಿಗೆ ಬಿಳಿ ಚುಕ್ಕೆ ರೋಗ ಬಂದಿದೆ. ಕಿವಿರಿನ ಮುಚ್ಚಳದ ಮೇಲೆ, ಮುಂದಿನ ಎರಡು ರೆಕ್ಕೆಗಳ ಅಂಚಿನಲ್ಲಿ ಸಾಲಾಗಿ ಸಣ್ಣ ಬಿಳಿ ಚುಕ್ಕೆಗಳು. ಬೇರೆಲ್ಲೂ ಇಲ್ಲ. ಚೆನ್ನಾಗಿ ತಿನ್ನುತ್ತೆ, ಇನ್ನೊಂದು ಮೀನನ್ನು ಬೆಳಿಗ್ಗೆಯಿಂದ ಅಟ್ಟಿಸಿಕೊಂಡು ಹೋಗುತ್ತೆ.
(ಮಂಗಳೂರು)

ಉತ್ತರ: ಅಭಿನಂದನೆ, ನಿಮ್ಮದು ಗಂಡು. ವಯಸ್ಸಿಗೆ ಬಂದ ಗಂಡು ಗೋಲ್ಡ್‌ಫಿಶ್‌ಗೆ ಮರಿ ಮಾಡುವ ಕಾಲದಲ್ಲಿ ಸರಿಯಾಗಿ ನೀವು ಹೇಳಿದ ಜಾಗಗಳಲ್ಲೇ ಈ ಗುಳ್ಳೆಗಳು ಬರುತ್ತವೆ. ಅಟ್ಟಿಸಿಕೊಂಡು ಹೋಗೋದೂ ಅದಕ್ಕೇ. ಔಷಧಿ ಹಾಕಿಲ್ಲ ತಾನೇ?

ನಿಜವಾದ ಬಿಳಿ ಚುಕ್ಕೆ ರೋಗ, ಅಂಗಡಿಯವರು ಇಚ್ ಅನ್ನೋದು, ಹೀಗಿರಲ್ಲ. ರವೆ ಕಾಳಿನಷ್ಟು ಚುಕ್ಕೆ ಮೈಮೇಲೆ, ಬಾಲದ ಮೇಲೆ ಎಲ್ಲೆಂದರಲ್ಲಿ ಇರುತ್ತದೆ, ಇವತ್ತು ನಾಲ್ಕಿದ್ದದ್ದು ನಾಳೆ ನಲವತ್ತಾಗುತ್ತದೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ, ರೆಕ್ಕೆ ಮಡಿಚಿಕೊಂಡು ಕೂರುತ್ತದೆ. ಅದೊಂದು ಪರಾವಲಂಬಿ ಜೀವಿ. ಮೀನಿನ ಚರ್ಮದೊಳಗೆ ಬೆಳೆಯುವಾಗ ಔಷಧಿ ಅದಕ್ಕೆ ತಾಗಲ್ಲ. ಬಲಿತು ಉದುರಿ ತಳದಲ್ಲಿ ಕೂತು, ಒಡೆದು ನೂರಾರು ಮರಿಗಳಾಗಿ ಹೊಸ ಮೀನು ಹುಡುಕಿಕೊಂಡು ಈಜುವ ಹೊತ್ತಿನಲ್ಲಿ ಮಾತ್ರ ಅದು ಸಾಯೋದು. ಅದಕ್ಕೇ ಚುಕ್ಕೆ ಕಾಣದಾದ ದಿನವೇ ಔಷಧಿ ನಿಲ್ಲಿಸಿದವರ ಟ್ಯಾಂಕಿಗೆ ಅದು ಮತ್ತೆ ಬರೋದು. ಲೀಟರಿಗೆ 3 ಗ್ರಾಂ ಕಲ್ಲುಪ್ಪು, ಒಂದೇ ಸಲ ಅಲ್ಲ, ಎರಡು ದಿನದಲ್ಲಿ ಮೂರು ಕಂತಾಗಿ ಹಾಕಿ, ಕೊನೆಯ ಚುಕ್ಕೆ ಹೋದ ಮೇಲೂ ಒಂದು ವಾರ ಬಿಡಿ. ಟ್ಯಾಂಕಿನಲ್ಲಿ ಗಿಡ ಇದ್ದರೆ ತೆಗೆದು ಬೇರೆ ಕಡೆ ಇಡಿ, ಹೆಚ್ಚಿನವು ಅಷ್ಟು ಉಪ್ಪು ತಡೆಯಲ್ಲ. ಪುಸ್ತಕದಲ್ಲಿ ಹೀಟರ್ ಹಾಕಿ ನೀರು ಬಿಸಿ ಮಾಡಿ ಅಂತ ಇರುತ್ತದೆ, ಮಂಗಳೂರಿನ ಸೆಕೆಯಲ್ಲಿ ಅದರ ಅಗತ್ಯ ಬರಲ್ಲ. ನಿಮಗೆ ಅದರ ಉಲ್ಟಾ ಚಿಂತೆ ಬೇಕು. ಗೋಲ್ಡ್‌ಫಿಶ್ ತಂಪು ನೀರಿನ ಮೀನು, 18ರಿಂದ 24 ಡಿಗ್ರಿ ಅದಕ್ಕೆ ಹಿತ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 30 ಡಿಗ್ರಿಯದ್ದು ಏಳೂವರೆ ಮಾತ್ರ. ಏಪ್ರಿಲ್, ಮೇನಲ್ಲಿ ಟ್ಯಾಂಕಿನ ಮುಚ್ಚಳದ ಜಾಗಕ್ಕೆ ಬಲೆ ಹಾಸಿ, ಟೇಬಲ್ ಫ್ಯಾನ್ ನೀರಿನ ಮೇಲ್ಮೈಗೆ ಬೀಸುವ ಹಾಗೆ ಇಡಿ. ಎರಡು ಮೂರು ಡಿಗ್ರಿ ಇಳಿಯುತ್ತದೆ. ನಿಮ್ಮಲ್ಲಿ ಗಾಳಿಯಲ್ಲೇ ತೇವ ಜಾಸ್ತಿ, ಹಾಗಾಗಿ ಬಯಲುಸೀಮೆಯಷ್ಟು ಇಳಿಯಲ್ಲ, ಆದರೂ ಲಾಭವೇ.

ಪ್ರಶ್ನೆ: ನಮ್ಮ ಒರಾಂಡಾ ಜಾತಿಯ ಗೋಲ್ಡ್‌ಫಿಶ್ ತಿಂದ ಮೇಲೆ ಹೊಟ್ಟೆ ಮೇಲಾಗಿ ತೇಲುತ್ತೆ. ಸತ್ತೇ ಹೋಯಿತು ಅಂತ ಎತ್ತೋಕೆ ಹೋದರೆ ತಿರುಗಿ ಈಜುತ್ತೆ!
(ಶಿವಮೊಗ್ಗ)

ಉತ್ತರ: ತೇಲುವ ಕಾಳು ಹಾಕುತ್ತಿದ್ದೀರಿ ಅಲ್ವಾ? ಮೇಲೆ ಬಂದು ನುಂಗುವಾಗ ಗಾಳಿಯೂ ಒಳಗೆ ಹೋಗುತ್ತದೆ, ಒಣ ಕಾಳು ಹೊಟ್ಟೆಯಲ್ಲಿ ಉಬ್ಬುತ್ತದೆ. ಗೋಲ್ಡ್‌ಫಿಶ್‌ಗೆ ಜಠರ ಇಲ್ಲ, ತಿಂದದ್ದು ನೇರ ಕರುಳಿಗೆ. ಒರಾಂಡಾದಂಥ ಗುಂಡು ಮೈಯವಕ್ಕೆ ಕರುಳು, ಗಾಳಿಚೀಲ ಎಲ್ಲ ಗಿಡಿದು ತುಂಬಿರುತ್ತದೆ, ಒಂದು ಉಬ್ಬಿದರೆ ಇನ್ನೊಂದನ್ನು ಒತ್ತುತ್ತದೆ. ಎರಡು ದಿನ ಉಪವಾಸ ಹಾಕಿ. ಮೂರನೇ ದಿನ ಒಂದು ಹಸಿ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಬೆರಳಲ್ಲಿ ಹಿಸುಕಿ ಚೂರು ಚೂರಾಗಿ ಕೊಡಿ. ಉಪ್ಪು, ಒಗ್ಗರಣೆ ಏನೂ ಇಲ್ಲದ್ದು. ಆಮೇಲಿಂದ ಮುಳುಗುವ ಕಾಳು ತಂದು, ಕೊಡುವ ಮುಂಚೆ ಒಂದು ನಿಮಿಷ ಟ್ಯಾಂಕ್ ನೀರಿನಲ್ಲೇ ನೆನೆಸಿ. ಒಂದೆರಡು ನಿಮಿಷದಲ್ಲಿ ಮುಗಿಸುವಷ್ಟೇ, ದಿನಕ್ಕೆ ಎರಡು ಸಲ. ನೀವು ಗಾಜಿನ ಹತ್ತಿರ ಬಂದಾಗಲೆಲ್ಲ ಅದು ಹಸಿದ ಮುಖ ಮಾಡುತ್ತೆ, ಅದಕ್ಕೆ ಮರುಳಾಗಬೇಡಿ. ತಿನ್ನದೇ ಇದ್ದಾಗಲೂ ತಿಂಗಳುಗಟ್ಟಲೆ ಹಾಗೇ ತೇಲುತ್ತಿದ್ದರೆ ಗಾಳಿಚೀಲಕ್ಕೇ ಪೆಟ್ಟಾಗಿದೆ ಅಂತ ಅರ್ಥ, ಆಗ ಬಟಾಣಿಯಿಂದ ಏನೂ ಆಗಲ್ಲ. ನೀರಿನ ಆಳ ಕಡಿಮೆ ಮಾಡಿ, ಮೇಲೆ ತೇಲುವ ಬೆನ್ನೋ ಹೊಟ್ಟೆಯೋ ಒಣಗದ ಹಾಗೆ ನೋಡಿಕೊಂಡರೆ ಹಾಗೂ ಬಹಳ ಕಾಲ ಬದುಕುತ್ತವೆ.

ಪ್ರಶ್ನೆ: ಟ್ಯಾಂಕಿಗೆ ಅರಿಶಿನ ಹಾಕಬಹುದಾ?
(ಹಾಸನ)

ಉತ್ತರ: ಹಾಕಬೇಡಿ. ಅದು ನೀರಿನಲ್ಲಿ ಕರಗಲ್ಲ, ಪುಡಿ ಹೋಗಿ ಕಿವಿರಿಗೆ, ಸ್ಪಂಜಿಗೆ ಕೂರುತ್ತದೆ. ಅಂಗಡಿ ಪುಡಿಯಲ್ಲಿ ಅರಿಶಿನದ ಜೊತೆ ಇನ್ನೇನಿದೆಯೋ. ಸಾರಿಗೆ ಹಾಕಿ.

ಪ್ರಶ್ನೆ: ರಾತ್ರಿ ಮಲಗುವಾಗ ಆರೂ ಮೀನು ಚೆನ್ನಾಗಿದ್ದವು, ಬೆಳಿಗ್ಗೆ ಎದ್ದು ನೋಡಿದರೆ ಒಂದೂ ಬದುಕಿಲ್ಲ. ಎರಡು ವರ್ಷದ ಟ್ಯಾಂಕ್. ನೀರು ತಿಳಿಯಾಗೇ ಇದೆ. ಹಿಂದಿನ ದಿನ ಮನೆಗೆ ಜಿರಳೆ ಔಷಧಿ ಹೊಡೆಸಿದ್ದೆವು, ಆದರೆ ಟ್ಯಾಂಕ್ ಹತ್ತಿರ ಹೊಡೆದಿಲ್ಲ.
(ದಾವಣಗೆರೆ)

ಉತ್ತರ: ಕೇಳಿ ಬೇಜಾರಾಯಿತು. ಟ್ಯಾಂಕ್ ಹತ್ತಿರ ಹೊಡೆಯಬೇಕು ಅಂತೇನಿಲ್ಲ. ನಿಮ್ಮ ಏರ್ ಪಂಪ್ ರಾತ್ರಿಯಿಡೀ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಗುಳ್ಳೆ ಗುಳ್ಳೆಯಾಗಿ ತುಂಬುತ್ತಿತ್ತು. ಜಿರಳೆಗೆ ಹೊಡೆಯುವ ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್ ಥರದ ಔಷಧಿಗಳು ಮನುಷ್ಯರಿಗೆ ಅಷ್ಟಾಗಿ ತಾಗದ ಪ್ರಮಾಣದಲ್ಲೇ ಮೀನಿಗೆ ಘೋರ ವಿಷ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಲಿಕ್ವಿಡ್ಡಿನಲ್ಲೂ ಇದೇ ಜಾತಿಯ ರಾಸಾಯನಿಕ ಇರೋದು, ಹಾಗಾಗಿ ಟ್ಯಾಂಕ್ ಇರೋ ಕೋಣೆಯಲ್ಲಿ ಅದನ್ನು ಉರಿಸಲೇಬೇಡಿ, ಸೊಳ್ಳೆ ಪರದೆ ಕಟ್ಟಿ.

ರಾತ್ರಿ ಕರೆಂಟ್ ಹೋಗಿತ್ತಾ ಅನ್ನೋದನ್ನೂ ವಿಚಾರಿಸಿ. ಆಮ್ಲಜನಕ ಕಡಿಮೆಯಾಗಿ ಸಾಯುವಾಗ ಸಾಮಾನ್ಯವಾಗಿ ದೊಡ್ಡವು ಮೊದಲು ಹೋಗುತ್ತವೆ, ಚಿಕ್ಕವು ಉಳಿಯುತ್ತವೆ. ನಿಮ್ಮಲ್ಲಿ ದೊಡ್ಡದು ಚಿಕ್ಕದು ಅನ್ನದೇ ಆರೂ ಹೋಗಿವೆ, ಅದಕ್ಕೇ ನನ್ನ ಅನುಮಾನ ಔಷಧಿ ಮೇಲೆ. ಮುಂದಿನ ಸಲ ಹೊಡೆಸುವ ದಿನ ಪಂಪ್ ಆಫ್ ಮಾಡಿ, ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪ್ ಹಚ್ಚಿ. ಹೊಡೆದಾದ ಮೇಲೆ ಕಿಟಕಿಗಳನ್ನೆಲ್ಲ ತೆರೆದು ವಾಸನೆ ಪೂರ್ತಿ ಹೋಗಲಿ. ಅಷ್ಟು ಹೊತ್ತು ಪಂಪ್ ಇಲ್ಲದೆ ಆಗಲ್ಲ ಅನ್ನಿಸಿದರೆ ಬ್ಯಾಟರಿ ಏರ್ ಪಂಪನ್ನು ಬಾಲ್ಕನಿಯಲ್ಲಿಟ್ಟು ಉದ್ದ ಟ್ಯೂಬ್ ಎಳೆಯಿರಿ, ಹೊರಗಿನ ಗಾಳಿ ಬರುತ್ತದೆ. ಅಂಥ ಒಂದು ಪಂಪ್ ಮನೆಯಲ್ಲಿದ್ದರೆ ಲೋಡ್ ಶೆಡ್ಡಿಂಗ್‌ಗೂ ಆಗುತ್ತೆ. ಈಗಿರೋ ಟ್ಯಾಂಕಿನ ನೀರು, ಸ್ಪಂಜು ಎಲ್ಲ ಬಿಸಾಕಿ, ಚೆನ್ನಾಗಿ ತೊಳೆದು, ಮೊದಲಿಂದ ಶುರು ಮಾಡಿ. ಈ ಒಂದು ಸಲ ತಿಕ್ಕಿ ತೊಳೆಯೋದೇ ಸರಿ.

ಪ್ರಶ್ನೆ: ನನ್ನ ಮೀನಿನ ಹೊಟ್ಟೆ ಊದಿ ಹುರುಪೆಗಳೆಲ್ಲ ನಿಗುರಿ ನಿಂತಿವೆ. ಕಣ್ಣೂ ಹೊರಗೆ ಬಂದಿವೆ. ಐದು ದಿನದಿಂದ ಏನೂ ತಿಂದಿಲ್ಲ. ಉಳಿಯುತ್ತಾ?
(ವಿದ್ಯಾರ್ಥಿನಿ, ಉಡುಪಿ)

ಉತ್ತರ: ಉಳಿಯೋದು ಕಷ್ಟ ಕಣಮ್ಮಾ, ಸುಳ್ಳು ಹೇಳಲ್ಲ. ಇದನ್ನು ಡ್ರಾಪ್ಸಿ ಅಂತಾರೆ. ಮೂತ್ರಪಿಂಡ ಕೆಲಸ ನಿಲ್ಲಿಸಿ ಮೈಯೊಳಗೆ ನೀರು ತುಂಬಿಕೊಂಡಿದೆ, ಹುರುಪೆ ನಿಗುರಿರೋದು ಅದಕ್ಕೇ. ಹಿಂದೆ ಬ್ಯಾಕ್ಟೀರಿಯಾ ಸೋಂಕು ಇರಬಹುದು, ಬೇರೆ ಕಾರಣವೂ ಇರಬಹುದು. ಬೇರೆ ಟಬ್ಬಿಗೆ ಹಾಕಿ, ನೀರು ಶುದ್ಧ ಇಟ್ಟು, ಹೆಚ್ಚು ಬೆಳಕು ಬೀಳದ ಕಡೆ ಇಡಿ. ಮೆಡಿಕಲ್ ಶಾಪಿನಿಂದ ಮನುಷ್ಯರ ಆಂಟಿಬಯೋಟಿಕ್ ಕ್ಯಾಪ್ಸೂಲ್ ತಂದು ಒಡೆದು ನೀರಿಗೆ ಸುರಿಯೋದನ್ನು ಮಾತ್ರ ಮಾಡಬೇಡಿ, ಮೀನಿನ ಮೈಯೊಳಗೆ ಹೋಗೋದು ಅಷ್ಟಕ್ಕಷ್ಟೇ, ಫಿಲ್ಟರ್ ಹಾಳಾಗುತ್ತೆ. ಪಶುವೈದ್ಯರು ಮೀನು ನೋಡಲ್ಲ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ, ನೋಡುವವರೂ ಇದ್ದಾರೆ, ಫೋನ್ ಮಾಡಿ ವಿಚಾರಿಸಿ. ನಿಮಗೆ ಹತ್ತಿರದಲ್ಲೇ ಮಂಗಳೂರಿನಲ್ಲಿ ಮೀನುಗಾರಿಕೆ ಕಾಲೇಜಿದೆ, ಮೀನಿನ ರೋಗದ ವಿಷಯ ಓದಿದವರು ಅಲ್ಲಿ ಸಿಗುತ್ತಾರೆ. ತುಂಬಾ ನರಳುತ್ತಿದೆ ಅನ್ನಿಸಿದರೆ ನೋವಿಲ್ಲದೆ ಕಳಿಸಿಕೊಡುವ ದಾರಿಯನ್ನೂ ಪಶುವೈದ್ಯರ ಹತ್ತಿರವೇ ಕೇಳಿ. ಫ್ರೀಜರಿಗೆ ಹಾಕೋದು, ಕಮೋಡಿಗೆ ಸುರಿಯೋದು ಬೇಡ. ಹೋದ ಮೇಲೆ ಗಿಡದ ಬುಡದಲ್ಲಿ ಹೂತುಬಿಡಿ.

ಪ್ರಶ್ನೆ: ಎರಡೂ ಮೀನು ದೊಡ್ಡವಾಗಿವೆ, ಮನೆ ಬದಲಿಸುತ್ತಿದ್ದೇವೆ. ಹತ್ತಿರದ ಕೆರೆಗೆ ಬಿಟ್ಟರೆ ಪುಣ್ಯ ಬರುತ್ತೆ ಅಂತಾರೆ ಅತ್ತೆ.
(ಬೆಂಗಳೂರು)

ಉತ್ತರ: ಅತ್ತೆಗೆ ನನ್ನ ನಮಸ್ಕಾರ ಹೇಳಿ, ಬೇಡ ಅಂತಲೂ ಹೇಳಿ. ಒಂದೋ ಕೊಕ್ಕರೆಗೆ ಒಂದು ದಿನದ ಊಟ ಆಗುತ್ತವೆ, ಇಲ್ಲಾಂದ್ರೆ ಬದುಕಿ ಮರಿ ಮಾಡಿ ಕೆರೆಯ ತಳ ಕೆದಕಿ ರಾಡಿ ಎಬ್ಬಿಸುತ್ತವೆ. ಅಮೆರಿಕದ ಮಿನೆಸೋಟಾದ ಬರ್ನ್ಸ್‌ವಿಲ್ ಊರಿನವರು 2021ರಲ್ಲಿ, ದಯವಿಟ್ಟು ಸಾಕಿದ ಗೋಲ್ಡ್‌ಫಿಶ್ ಕೆರೆಗೆ ಬಿಡಬೇಡಿ ಅಂತ ಜನರನ್ನು ಕೇಳಿಕೊಳ್ಳಬೇಕಾಯಿತು, ಫುಟ್‌ಬಾಲ್ ಚೆಂಡಿನಷ್ಟು ದೊಡ್ಡವು ಸಿಕ್ಕಿದ್ದವು. ದೊಡ್ಡ ಟ್ಯಾಂಕ್ ಇರೋ ಯಾರಿಗಾದರೂ ಕೊಡಿ, ಅಂಗಡಿಯವರೂ ಕೆಲವೊಮ್ಮೆ ವಾಪಸ್ ತಗೊಳ್ಳುತ್ತಾರೆ.

ಪ್ರಶ್ನೆ: ಹತ್ತು ದಿನ ಊರಿಗೆ ಹೋಗುತ್ತಿದ್ದೇವೆ. ಪಕ್ಕದ ಮನೆಯ ಅಜ್ಜಿ ದಿನಾ ಬಂದು ಕಾಳು ಹಾಕ್ತೀನಿ ಅಂದಿದ್ದಾರೆ. ಎಷ್ಟು ಹಾಕೋಕೆ ಹೇಳಲಿ?
(ಬೆಳಗಾವಿ)

ಉತ್ತರ: ಡಬ್ಬಿಯನ್ನು ಅಜ್ಜಿ ಕೈಗೆ ಕೊಡಬೇಡಿ. ಮೊಮ್ಮಕ್ಕಳಿಗೆ ಬಡಿಸಿ ರೂಢಿಯಾದ ಕೈ ಅದು, ನೀವು ಬರುವಷ್ಟರಲ್ಲಿ ಡಬ್ಬಿ ಖಾಲಿ, ನೀರು ಗಂಜಿ. ಆರೋಗ್ಯವಾಗಿರೋ ದೊಡ್ಡ ಗೋಲ್ಡ್‌ಫಿಶ್ ಹತ್ತು ದಿನ ಊಟವಿಲ್ಲದೆ ಇರಬಲ್ಲದು. ಮನಸ್ಸು ತಡೆಯದಿದ್ದರೆ ಕಾಗದದ ಪೊಟ್ಟಣ ಕಟ್ಟಿ, ಒಂದು ದಿನ ಬಿಟ್ಟು ಒಂದು ದಿನಕ್ಕೆ ಒಂದರಂತೆ, ಮಾಮೂಲಿಯ ಅರ್ಧ ಹಾಕಿ, ಮೇಲೆ ವಾರದ ಹೆಸರು ಬರೆದಿಡಿ. ಡಬ್ಬಿ ಒಳಗಿಟ್ಟು ಬೀಗ ಹಾಕಿ. ಹೋಗುವ ಎರಡು ದಿನ ಮುಂಚೆ ಮೂರನೇ ಒಂದು ಪಾಲು ನೀರು ಬದಲಿಸಿ, ಹೊರಡುವ ದಿನವೇ ಬೇಡ, ಏನಾದರೂ ಹೆಚ್ಚುಕಮ್ಮಿ ಆದರೆ ನೋಡೋಕೆ ನೀವಿರಲ್ಲ. ಮೇನ್ ಸ್ವಿಚ್ ಆರಿಸಿ ಹೋಗುವ ಅಭ್ಯಾಸ ಇದ್ದರೆ ಈ ಸಲ ಫಿಲ್ಟರ್, ಏರ್ ಪಂಪಿನ ಲೈನ್ ಬಿಟ್ಟು ಉಳಿದದ್ದನ್ನು ಆರಿಸಿ. ಅಜ್ಜಿಗೆ ಒಂದೇ ಕೆಲಸ ಹೇಳಿ: ದಿನಾ ಬಂದು ಗುಳ್ಳೆ ಬರ್ತಿದೆಯಾ ನೋಡಬೇಕು, ಬರದಿದ್ದರೆ ನಿಮಗೆ ಫೋನ್ ಮಾಡಬೇಕು.